ಸಿರಿಂಜು ಕೆಳಗಿಟ್ಟು ಪೆನ್ನು ಹಿಡಿಯುವ ಮುನ್ನ

ನೈಟ್ ಡ್ಯೂಟಿ ಮುಗಿಸಿ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಸಿಟಿ ಬಸ್ಸಿಗೆ ಕಾಯುವ ಸಿಸ್ಟರ್‌ಗೆ ರಾಜೀನಾಮೆ ಬರೆಯುವ ಹುಮ್ಮಸ್ಸು ಬಂದರೆ, ಅದು ಸಾಹಿತ್ಯದ ಸ್ಫೂರ್ತಿಯಲ್ಲ, ನಿದ್ದೆಗೇಡು. ಕಣ್ತುಂಬ ನಿದ್ದೆ ಮಾಡಿ ಎದ್ದಮೇಲೂ ಆಸೆ ಉಳಿದಿದ್ದರೆ ಮುಂದಿನ ಮಾತು. ಕೆಲಸ ಬಿಡುವ ಮುಹೂರ್ತವನ್ನು ಮನಸ್ಸು ಇಡಬಾರದು, ಪಾಸ್‌ಬುಕ್ ಇಡಬೇಕು ಎಂಬುದೇ ನನ್ನ ವಾದ. ಸಂಬಳಕ್ಕೆ ತಾರೀಖು ಗೊತ್ತು. ಸಂಭಾವನೆ ಬರುವುದು ಲೇಖನ ಅಚ್ಚಾಗಿ, ಸಂಪಾದಕರಿಗೆ ನೆನಪಾದಾಗ.

‘ನಮ್ಮೂರಿನ ಆರ್.ಕೆ. ನಾರಾಯಣ್ ಮೇಷ್ಟರ ಕೆಲಸ ಬಿಟ್ಟೇ ಬರೆದರಲ್ಲ?’ ಎನ್ನಬಹುದು. ನಿಜ. ಆದರೆ ಅವರು ಮದ್ರಾಸಿನ ‘ಜಸ್ಟಿಸ್’ ಪತ್ರಿಕೆಗೆ ಮೈಸೂರಿನ ಸುದ್ದಿ ಕಳಿಸಿ, ಅಚ್ಚಾದಷ್ಟಕ್ಕೆ ಕಾಸು ಎಣಿಸಬೇಕಾಯಿತು. ಬೆನ್ನಿಗೆ ಕೂಡುಕುಟುಂಬವೂ ಇತ್ತು. ‘ಕಾಯುತ್ತ ಕೂತರೆ ವಯಸ್ಸಾಗದೆ?’ ಎಸ್.ಎಲ್. ಭೈರಪ್ಪನವರ ‘ಪರ್ವ’ 1979ರಲ್ಲಿ ಬಂದಾಗ ಅವರಿನ್ನೂ ಪಾಠ ಹೇಳುತ್ತಿದ್ದರು, ನಿವೃತ್ತರಾದದ್ದು 1991ರಲ್ಲಿ. ‘ಮೇಷ್ಟರಿಗೆ ಬೇಸಿಗೆ ರಜೆಯುಂಟು, ನಮಗೆಲ್ಲಿ?’ ಈ ಆಕ್ಷೇಪಕ್ಕೆ ತೂಕವಿದೆ. ಆದರೂ ಡಾ. ಅನುಪಮಾ ನಿರಂಜನ ವೈದ್ಯೆಯಾಗಿದ್ದುಕೊಂಡೇ ‘ತಾಯಿ-ಮಗು’ ಬರೆದರು. ವೃತ್ತಿಯೇ ಅವರಿಗೆ ವಿಷಯ ಒದಗಿಸಿತು. ಇನ್ಸುಲಿನ್ ಚುಚ್ಚುವಾಗ ಅಜ್ಜಿಯರು ಕೇಳುವ ಪ್ರಶ್ನೆಗಳಲ್ಲೇ ವರ್ಷವಿಡೀ ಅಂಕಣಕ್ಕೆ ಸಾಕಾಗುವಷ್ಟು ಸರಕಿದೆ. ಹಾಗಾಗಿ ಮೊದಲು ಡ್ಯೂಟಿ ಕಡಿಮೆ ಮಾಡಿಕೊಳ್ಳಿ. ಆರು ತಿಂಗಳ ಮನೆಖರ್ಚು ಕೂಡಿಟ್ಟು, ಬರಹದ ಆದಾಯ ಬಾಡಿಗೆ ಕಟ್ಟುವಂತಾದಾಗ ರಾಜೀನಾಮೆ ಕೊಡಿ. ನರ್ಸಿಂಗ್ ಕೌನ್ಸಿಲ್ ನೋಂದಣಿಯನ್ನು ಮಾತ್ರ ನವೀಕರಿಸುತ್ತಿರಿ. ವಿಮರ್ಶಕರು ಕೈಬಿಟ್ಟರೂ ರೋಗಿಗಳು ಕೈಬಿಡುವುದಿಲ್ಲ.