ಬೂಟೀಕ್ ಹೋಟೆಲು: ಒಂದು ಬಹುಶಿಸ್ತೀಯ ಮರುಓದು

ಉದ್ದೇಶ, ವ್ಯಾಪ್ತಿ, ಮಿತಿ ಮತ್ತು ಪ್ರಾಕ್ಕಲ್ಪನೆ

ಫೋರ್ಟ್ ಕೊಚ್ಚಿಯ ಹಳೆಯ ಬೀದಿಗಳಲ್ಲಿ ತಲೆಯೆತ್ತಿರುವ ಬೂಟೀಕ್ ಹೋಟೆಲುಗಳನ್ನು ವಸಾಹತೋತ್ತರ ಸಂಕಥನದ ನೆಲೆಯಲ್ಲಿ ಮುಖಾಮುಖಿಯಾಗಿಸಿಕೊಂಡು, ಅವುಗಳ ಒಡಲಲ್ಲಿ ಹುದುಗಿರುವ ಅಸ್ಮಿತೆಯ ಬಿಕ್ಕಟ್ಟನ್ನು ಅನುಸಂಧಾನಕ್ಕೊಳಪಡಿಸುವುದು ಪ್ರಸ್ತುತ ಅಧ್ಯಯನದ ಉದ್ದೇಶ. ವ್ಯಾಪ್ತಿ: ಪ್ರಿನ್ಸೆಸ್ ಸ್ಟ್ರೀಟಿನಿಂದ ಮಟ್ಟಾಂಚೇರಿಯ ಬಜಾರ್ ರಸ್ತೆಯವರೆಗೆ. ಮಿತಿ: ಸಂಶೋಧಕನ ಪರ್ಸು. ಕ್ಷೇತ್ರಕಾರ್ಯ ನಡೆದ ಹೋಟೆಲಿನ ಹೆಸರನ್ನು ಸಂಶೋಧನಾ ನೈತಿಕತೆಯ ಕಾರಣಕ್ಕೆ ಗೋಪ್ಯವಾಗಿಡಲಾಗಿದೆ; ವಕೀಲರ ಖರ್ಚು ಭರಿಸುವ ಶಕ್ತಿಯಿಲ್ಲದಿರುವುದು ಗೌಣ ಕಾರಣ.

ಪ್ರಾಕ್ಕಲ್ಪನೆ ಇಷ್ಟು: ಕಟ್ಟಡಕ್ಕೆ ವಯಸ್ಸಾದಂತೆಲ್ಲ ಕೋಣೆ ಕುಗ್ಗುತ್ತದೆ, ಬಾಡಿಗೆ ಹಿಗ್ಗುತ್ತದೆ, ಏನಾದರೂ ಕೆಟ್ಟರೆ ಅದರ ಹೊಣೆಯನ್ನು ಇತಿಹಾಸವೇ ಹೊರತಕ್ಕದ್ದು.

ಕಾಲನಿರ್ಣಯದ ಸಮಸ್ಯೆ

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಪ್ರಕಾರ ಹೆರಿಟೇಜ್ ಹೋಟೆಲ್ ಎನಿಸಿಕೊಳ್ಳಲು ಕಟ್ಟಡ 1950ಕ್ಕೆ ಮೊದಲು ಕಟ್ಟಿದ್ದಾಗಿರಬೇಕು. ಅಂದರೆ 1949ರಲ್ಲಿ ಗಾರೆ ಕಂಡ ಗೋಡೆ ಸೋರಿದರೆ ಅದು ಪರಂಪರೆ. 1951ರ ಗೋಡೆ ಸೋರಿದರೆ ಬರೀ ಸೋರಿಕೆ. ಕೊಚ್ಚಿಯಲ್ಲಂತೂ ಗೋಡೆಗಳ ಪಿತೃತ್ವವೇ ವಿವಾದಾಸ್ಪದ. 1503ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದರು, 1663ರಲ್ಲಿ ಡಚ್ಚರು ಕಿತ್ತುಕೊಂಡರು, 1795ರಲ್ಲಿ ಇಂಗ್ಲಿಷರು ಅವರನ್ನು ಹೊರಹಾಕಿದರು. ಹೀಗಾಗಿ ನಮ್ಮ ಹೋಟೆಲಿನ ಮ್ಯಾನೇಜರು ಅತಿಥಿಯ ಮುಖ ನೋಡಿ ಒಂದೇ ಜಗಲಿಯನ್ನು ಒಮ್ಮೆ ಪೋರ್ಚುಗೀಸ್, ಒಮ್ಮೆ ಡಚ್ ಎಂದು ಹಂಚುತ್ತಿದ್ದರು. ಕೊಚ್ಚಿಯ ಬಡಗಿ, ಗಾರೆಯವರ ಪಾಲಿಗೆ ಯಾವ ಮೂಲೆಯೂ ಬರಲಿಲ್ಲ.

ಮಾಡಿನ ವಿಷಯಕ್ಕೆ ಬರೋಣ. ಕೋಣೆಯಲ್ಲಿಟ್ಟ ಕೈಹೊತ್ತಗೆ ಅದನ್ನು 'ಅಪ್ಪಟ ಡಚ್ ಹೆಂಚಿನ ಸೂರು' ಎಂದು ಘೋಷಿಸಿತ್ತು. ನಿದ್ದೆ ಬಾರದೆ ಅಂಗಾತ ಮಲಗಿ ಪಠ್ಯದ ಸೂಕ್ಷ್ಮ ಓದಿಗೆ ತೊಡಗಿದಾಗ ಹೆಂಚಿನ ಹೊಟ್ಟೆಯ ಮೇಲೆ ಉಬ್ಬಕ್ಷರದಲ್ಲಿ ಮಂಗಳೂರಿನ ಹೆಸರು ಕಂಡಿತು. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ, ಡಚ್ಚರು ಕೊಚ್ಚಿಯಿಂದ ಗಂಟುಮೂಟೆ ಕಟ್ಟಿ ಎಪ್ಪತ್ತು ವರ್ಷವಾದ ಮೇಲೆ. ನಮ್ಮಜ್ಜನ ದನದ ಹಟ್ಟಿಗೂ ಇದೇ ಹೆಂಚು. ದನಗಳಿಂದ ನಾವು ರಾತ್ರಿಯ ಲೆಕ್ಕದಲ್ಲಿ ಬಾಡಿಗೆ ವಸೂಲು ಮಾಡಿದವರಲ್ಲ.

ಪಂಚದೋಷ ನಿರೂಪಣೆ

ಬೂಟೀಕ್ ವಾಸ್ತವ್ಯದ ದೋಷಗಳು ಐದು. ಮೊದಲನೆಯದು ಜಲದೋಷ: ಬಿಸಿನೀರಿನ ನಲ್ಲಿ ಕೆಮ್ಮುವುದು, ನೀರು ಬಾರದಿರುವುದು. ವಿಚಾರಿಸಿದರೆ "ಸರ್, ಹೆರಿಟೇಜ್ ಪೈಪ್" ಎಂಬ ಉತ್ತರ ಬರುತ್ತದೆ. ಎರಡನೆಯದು ವಾಯುದೋಷ: ತೇಗದ ಕಿಟಕಿಯನ್ನು ತೆರೆಯಲಾಗದು, ಏಕೆಂದರೆ ಅದು ಇತಿಹಾಸ, ಮುಚ್ಚಲೂ ಆಗದು, ಏಕೆಂದರೆ ಅದು ಊದಿಕೊಂಡಿದೆ. ಮೂರನೆಯದು ಅನ್ನದೋಷ. ಹೆಬ್ಬೆರಳುದ್ದದ ಪುಟ್ಟು, ಅದರ ಪಕ್ಕ ಎಣಿಸಿಟ್ಟಂತೆ ಕಡಲೆ, ಮೇಲೊಂದು ಯಾರೂ ತಿನ್ನದ ಹೂವು. ಇದರ ಹೆಸರು 'ಸ್ಥಳೀಯ ಆಹಾರದ ಮರುವ್ಯಾಖ್ಯಾನ'. ಹೋಟೆಲಿನ ಎದುರಿನ ಚಹಾದಂಗಡಿಯಲ್ಲಿ ವ್ಯಾಖ್ಯಾನವಿಲ್ಲದ ಪುಟ್ಟು ಮೊಳದುದ್ದ ಬರುತ್ತದೆ, ಕಡಲೆ ಸಾರನ್ನು ಕೇಳಿದಷ್ಟು ಹೊಯ್ಯುತ್ತಾರೆ. ನಾಲ್ಕನೆಯ ಮತ್ತು ಐದನೆಯ ದೋಷಗಳನ್ನು ವಿಸ್ತಾರಭಯದಿಂದ ಕೈಬಿಡಲಾಗಿದೆ. ನಿಜವಾಗಿ, ಎಣಿಸಿ ಸಾಕಾಯಿತು.

ಕೋಣೆಗಳ ನಾಮಕರಣ

ಅತಿ ದುಬಾರಿ ಕೋಣೆಗೆ ವಾಸ್ಕೋ ಡ ಗಾಮನ ಹೆಸರು. ಆತ 1524ರಲ್ಲಿ ಕೊಚ್ಚಿಯಲ್ಲೇ ಸತ್ತ, ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ಹೂಳಿಸಿಕೊಂಡ, ಕೆಲವು ವರ್ಷದ ಮೇಲೆ ಅವನ ಅವಶೇಷಗಳು ಪೋರ್ಚುಗಲ್ಲಿಗೆ ಹೋದವು. ಸತ್ತ ಮೇಲೆ ಚೆಕ್‌ಔಟ್ ಮಾಡಿದ ಅತಿಥಿ ಎಂಬ ನೆಲೆಯಲ್ಲಿ ಹೋಟೆಲೋದ್ಯಮ ಅವನನ್ನು ಸ್ಮರಿಸುವುದು ಸಹಜವೇ. ಆದರೆ ಇದೇ ಗಾಮ 1502ರಲ್ಲಿ ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ಮಲಬಾರಿನ ಕಡಲಲ್ಲಿ ಹಿಡಿದು, ಹೆಂಗಸರು ಮಕ್ಕಳೆನ್ನದೆ ಜನರ ಸಮೇತ ಸುಡಿಸಿದ. ಕೈಹೊತ್ತಗೆಯಲ್ಲಿ ಅವನು 'ಸಾಹಸಿ ನಾವಿಕ'. ಆ ಕೋಣೆಯಲ್ಲಿ ಮಲಗುವವರಿಗೆ ದಿಂಬಿನ ಮೇಲೆ ಒಂದು ಚಾಕಲೇಟು.

ನನಗೆ ದಕ್ಕಿದ್ದು 'ಗೋಡೌನ್ ಸ್ವೀಟ್'. ಬಜಾರ್ ರಸ್ತೆಯುದ್ದಕ್ಕೂ ಇದ್ದ ಮೆಣಸು, ಶುಂಠಿ, ಅಕ್ಕಿಯ ಗೋದಾಮುಗಳಲ್ಲಿ ಹಲವು ಈಗ ಕೆಫೆ, ಗ್ಯಾಲರಿ, ಹೋಟೆಲು. ಗೋಡೆಯ ಮೇಲೊಬ್ಬ ಮೂಟೆ ಹೊತ್ತ ಹಮಾಲಿಯ ಕಪ್ಪುಬಿಳುಪು ಚಿತ್ರ. ಕೆಳಗೆ 'ಸಂಬಾರದ ಸುಗಂಧ' ಎಂಬ ಬರಹ. ಬೀಗದ ಕೈಗೆ ದುಂಡನೆಯ ಭಾರದ ಹಿತ್ತಾಳೆ ಬಿಲ್ಲೆ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿ ಕೊಟ್ಟರು.

ಮಟ್ಟಾಂಚೇರಿಯಲ್ಲಿ ಲೋಹದ ಬಿಲ್ಲೆಯನ್ನು ಹೀಗೆ ಕೊಡುವ ಪದ್ಧತಿ ಇರಲಿಲ್ಲ. ಅಲ್ಲಿನ ಬಿಲ್ಲೆಗೆ 'ಚಾಪ್ಪ' ಎನ್ನುತ್ತಿದ್ದರು. ಬಂದರಿನ ಕೂಲಿ ಬೇಕಾದವರು ಬೆಳಿಗ್ಗೆ ಬಂದು ಗುಂಪುಗೂಡಬೇಕು. ಮೇಸ್ತ್ರಿ ಬಿಲ್ಲೆಗಳನ್ನು ಗುಂಪಿನ ಮೇಲೆ ಎಸೆಯುತ್ತಾನೆ. ಒಬ್ಬರನ್ನೊಬ್ಬರು ತುಳಿದು, ಗುದ್ದಿ, ಬಾಚಿಕೊಂಡವನಿಗೆ ಆ ದಿನ ಕೆಲಸ. ಬರಿಗೈಯವನ ಮನೆಯಲ್ಲಿ ಆ ದಿನ ಒಲೆಯಿಲ್ಲ. ಅಣ್ಣನ ಮೈಮೇಲೆ ತಮ್ಮ ಬೀಳಬೇಕಾದ ಏರ್ಪಾಡು ಅದು, ಮೇಲೆ ನಿಂತವನಿಗೆ ಪುಕ್ಕಟೆ ತಮಾಷೆ. ಇದರ ವಿರುದ್ಧದ ಹೋರಾಟದಲ್ಲಿ 1953ರ ಸೆಪ್ಟೆಂಬರ್ 15ರಂದು ಮಟ್ಟಾಂಚೇರಿಯಲ್ಲಿ ಪೊಲೀಸರು ಗುಂಡು ಹಾರಿಸಿದರು, ಕಾರ್ಮಿಕರು ಸತ್ತರು. 2023ರಲ್ಲಿ ತೆರೆಕಂಡ 'ತುರಮುಖಂ' ಚಿತ್ರದ ಕತೆ ಇದೇ. ಕೈಹೊತ್ತಗೆಯ ನುಣುಪು ಹಾಳೆಗಳಲ್ಲಿ ಸೋರೆಕಾಯಿ ಸ್ಕ್ರಬ್ಬಿಗೆ ಒಂದು ಪುಟ ಸಿಕ್ಕಿದೆ, ಇವರಿಗೆ ಒಂದು ಸಾಲು ಸಿಕ್ಕಿಲ್ಲ. ಸಂಕಥನವೂ ಬೇಡ, ನೆಲೆಯೂ ಬೇಡ. ಗೋಡೆ ಉಳಿಸಿಕೊಂಡು ಮನುಷ್ಯರನ್ನು ಒರೆಸಿಹಾಕುವ ಕೆಲಸಕ್ಕೆ ಪರಂಪರೆಯ ರಕ್ಷಣೆ ಅನ್ನುವ ನಾಚಿಕೆಗೇಡು ಇದು.

ಶಿಫಾರಸು

ಅಧ್ಯಯನದ ಶಿಸ್ತಿಗೆ ಮರಳಿ, ಹೋಟೆಲಿಗೆ ಒಂದು ಸಲಹೆ. ಅತಿಥಿಗಳಿಗೆ 'ಅಪ್ಪಟ ಅನುಭವ' ಕೊಡಬೇಕೆಂಬ ಕಾಳಜಿ ಪ್ರಾಮಾಣಿಕವಾಗಿದ್ದರೆ, ನಾಳೆಯಿಂದಲೇ ತಿಂಡಿಯ ಟೋಕನ್ನುಗಳನ್ನು ಹಿತ್ತಾಳೆಯಲ್ಲಿ ಮಾಡಿಸಲಿ. ಬೆಳಿಗ್ಗೆ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, ಮ್ಯಾನೇಜರು ಮಹಡಿಯ ಜಗಲಿಯಿಂದ ಅವನ್ನು ಎಸೆಯಲಿ. ಮಂದಿಗಿಂತ ಬಿಲ್ಲೆ ಕಡಿಮೆ ಇರಬೇಕಾದ್ದು ಅಗತ್ಯ. ದಂಪತಿಗಳು ಒಬ್ಬರ ಕೈಯಿಂದೊಬ್ಬರು ಕಿತ್ತುಕೊಳ್ಳಲು ಅಡ್ಡಿಯಿಲ್ಲ. ಗಾಮನ ಕೋಣೆಯವರಿಗೆ ವಿನಾಯಿತಿ ಕೊಡಬಾರದು. ಸಿಗದವರು ಮರುದಿನ ಬೆಳಿಗ್ಗೆ ಮತ್ತೆ ಅಂಗಳಕ್ಕೆ ಬರಬಹುದು. ಬಾಡಿಗೆ ಎಂದಿನಂತೆ, ತೆರಿಗೆ ಪ್ರತ್ಯೇಕ.