ಕೇಳಿದರೆ ಕೊಡೆವು, ಬೇಡವೆಂದರೆ ಬಿಡೆವು

ನ್ಯೂಯಾರ್ಕಿನಲ್ಲಿ ಮಾನಸಿಕ ಚಿಕಿತ್ಸೆ ಬೇಗ ಸಿಗಬೇಕೆ? ಬೇಡವೆಂದು ಹಟ ಹಿಡಿಯಿರಿ. ಬೇಕೆಂದವರಿಗೆ ಅಲ್ಲಿ ಸರದಿ ಸಾಲು. ಬೇಡವೆಂದವರಿಗೆ ವಕೀಲರು, ವೈದ್ಯರ ಸಾಕ್ಷ್ಯ, ಸಾಕ್ಷಾತ್ ನ್ಯಾಯಾಧೀಶರು.

1999ರ ಜನವರಿಯಲ್ಲಿ ಅಲ್ಲಿನ 23ನೇ ಬೀದಿಯ ಸಬ್‌ವೇ ನಿಲ್ದಾಣದಲ್ಲಿ ಸ್ಕಿಜೋಫ್ರೇನಿಯಾ ಇದ್ದವನೊಬ್ಬ ಕೆಂಡ್ರಾ ವೆಬ್‌ಡೇಲ್ ಎಂಬ ಯುವತಿಯನ್ನು ರೈಲಿನ ಮುಂದೆ ತಳ್ಳಿ ಕೊಂದ. ಅದೇ ವರ್ಷ ಆಕೆಯ ಹೆಸರಿನಲ್ಲಿ ಕಾನೂನು ಬಂತು: ಔಷಧಿ ಬಿಟ್ಟು ಮತ್ತೆ ಮತ್ತೆ ಆಸ್ಪತ್ರೆ ಸೇರುವವರಿಗೆ ಕೋರ್ಟ್ ಆದೇಶದ ಚಿಕಿತ್ಸೆ. ತಳ್ಳಿದವನು ಔಷಧಿ ಬಿಟ್ಟದ್ದುಂಟು. ಆದರೆ ತಾನಾಗಿಯೇ ಆಸ್ಪತ್ರೆಗಳಿಗೆ ಎಡತಾಕಿ ನೆರವು ಕೇಳಿದ್ದೂ ಉಂಟು, ಮೇಲ್ವಿಚಾರಣೆಯಿರುವ ವಸತಿಗೆ ಅಂಗಲಾಚಿದ್ದೂ ಉಂಟು. ಜಾಗವಿರಲಿಲ್ಲ. ಜಾಗ ಕೊಡಲಾಗದ ಸರ್ಕಾರ ಕಾನೂನು ಕೊಟ್ಟಿತು.

ಕಾನೂನು ಬಲು ಮೃದು. ಮಾತ್ರೆ ನುಂಗದವರಿಗೆ ಬಲವಂತವಾಗಿ ಇಂಜೆಕ್ಷನ್ ಚುಚ್ಚುವಂತಿಲ್ಲ. ನುಂಗದಿರುವುದು ನ್ಯಾಯಾಂಗ ನಿಂದನೆಯೂ ಅಲ್ಲ. ಹಿಡಿದೊಯ್ದು 72 ಗಂಟೆಯವರೆಗೆ ಆಸ್ಪತ್ರೆಯಲ್ಲಿಡಬಹುದು, ಅಷ್ಟೇ. ಪೊಲೀಸರ ಕಾರಿನಲ್ಲಿ ಹೋಗಿ ಬಂದ ಯಾರೂ ಇದಕ್ಕೆ 'ಅಷ್ಟೇ' ಎನ್ನುವುದಿಲ್ಲ.

ಆದೇಶ ಹೊತ್ತವರೆಲ್ಲ ಒಂದೇ ರಾಗ ಹಾಡುವುದಿಲ್ಲ. ವಾರ್ಡಿನಲ್ಲಿ ಕೊಳೆಯುವುದಕ್ಕಿಂತ ವಾಸಿ ಎನ್ನುವವರಿದ್ದಾರೆ. ಆದೇಶದ ನೆಪದಲ್ಲಾದರೂ ಕೇಸ್ ಮ್ಯಾನೇಜರ್ ಮನೆ ಬಾಗಿಲಿಗೆ ಬಂದರಲ್ಲ ಎನ್ನುವವರಿದ್ದಾರೆ. ಮೈ ಊದಿತು, ಕೈ ನಡುಗುತ್ತದೆ, ಮಧ್ಯಾಹ್ನದವರೆಗೂ ಕಣ್ಣು ಬಿಡಲಾಗದು ಎನ್ನುವವರೂ ಇದ್ದಾರೆ. ಫೈಲು ಮಾತ್ರ ಎಲ್ಲರಿಗೂ ಒಂದೇ ಉತ್ತರ ಇಟ್ಟುಕೊಂಡಿರುತ್ತದೆ. ರೋಗಿ ಒಪ್ಪಿದರೆ: ಅರಿವು ಬಂದಿದೆ, ಆದೇಶ ಫಲಿಸಿದೆ, ಮುಂದುವರಿಸೋಣ. ಒಪ್ಪದಿದ್ದರೆ: ಅರಿವು ಬಂದಿಲ್ಲ, ಮುಂದುವರಿಸೋಣ.

ಈ ಕಾನೂನಿಗೂ ಮುಂಚೆ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಒಂದು ಪ್ರಯೋಗ ನಡೆದಿತ್ತು. 142 ಜನರಿಗೂ ಒಳ್ಳೆಯ ಸೇವೆ. ಒಂದು ಗುಂಪಿಗೆ ಮಾತ್ರ ಜೊತೆಗೆ ಕೋರ್ಟ್ ಆದೇಶ. 2001ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮುಂದಿನ ಅಧ್ಯಯನಗಳು, ಆದೇಶ ಪಡೆದವರು ಆಸ್ಪತ್ರೆ ಸೇರುವುದು ಕಡಿಮೆಯಾಯಿತು ಎಂದವು, ನಿಜ. ಆದರೆ ಸೇವೆಯ ಸಾಲಿನಲ್ಲಿ ಮೊದಲ ಜಾಗವೂ ಅವರಿಗೇ ಸಿಕ್ಕಿತ್ತು. ಹೊಟ್ಟೆ ತುಂಬಿದ್ದು ಊಟದಿಂದಲೋ ಬಡಿಸಿದವರ ಗದರಿಕೆಯಿಂದಲೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ತಲೆಯ ಮೇಲೊಂದು ಸೂರು, ವಿಚಾರಿಸಿಕೊಳ್ಳುವ ಒಬ್ಬ ಮನುಷ್ಯ, ಮದ್ದಿನ ಕಾಟ ಹೇಳಿಕೊಂಡರೆ ಡೋಸ್ ತಿದ್ದುವ ವೈದ್ಯರು: ಇಷ್ಟನ್ನು ಮೊದಲೇ ಕೊಟ್ಟು, ಆಮೇಲೂ ಬೇಡವೆನ್ನುವವರು ಎಷ್ಟು ಮಂದಿ ಎಂದು ಎಣಿಸಬಹುದಿತ್ತು. ಆದರೆ ಎಲ್ಲರಿಗೂ ಕೊಡಲು ಬಜೆಟ್ ಬೇಕು. ಕೆಲವರನ್ನು ಸಾಲಿನ ಮುಂದಕ್ಕೆ ತಳ್ಳಲು ಮೊಹರು ಸಾಕು.