ಡಬ್ಬ ಹಿಡಿದವರು ಏಳು ಮಂದಿ

ಅಂಗವಿಕಲ ಮಕ್ಕಳನ್ನೂ ಒಳಗೊಳ್ಳುವ ಸಮನ್ವಯ ಶಿಕ್ಷಣ ಎಲ್ಲಿಗೆ ಬಂತು ಅಂತ ನೋಡಬೇಕಿದ್ದರೆ ತಾಲ್ಲೂಕಿನ ಸಾಧನ ಸಲಕರಣೆ ವಿತರಣಾ ಸಮಾರಂಭಕ್ಕೆ ಹೋಗಬೇಕು. ಶಾಮಿಯಾನ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಒಂದು ಲ್ಯಾಪ್‌ಟಾಪಿನ ಡಬ್ಬವನ್ನು ಏಳು ಮಂದಿ ಹಿಡಿದು ನಿಂತಿರುತ್ತಾರೆ. ಹಿಡಿಯಲು ಜಾಗ ಸಿಗದೆ ಪಕ್ಕದಲ್ಲಿ ನಿಂತ ಎಂಟನೆಯವನೇ ಫಲಾನುಭವಿ. ಫೋಟೊ ಮುಗಿಯಿತು, ಡಬ್ಬ ಶಾಲೆಗೆ ಬಂತು, ಸ್ಟಾಕ್ ರಿಜಿಸ್ಟರ್ ಏರಿತು, ಕಬ್ಬಿಣದ ಬೀರುವಿನಲ್ಲಿ ವಿಶ್ರಾಂತಿಗೆ ತೆರಳಿತು. ಯಾಕೆ ಸಾರ್ ಅಂದರೆ, ‘ಮಕ್ಕಳ ಕೈಗೆ ಕೊಟ್ಟು ಕೆಟ್ಟುಹೋದ್ರೆ ಆಡಿಟ್‌ನೋರಿಗೆ ನೀವು ಉತ್ತರ ಹೇಳ್ತೀರಾ?’

ಆದರೂ ಹಟಮಾರಿ ಮೇಷ್ಟ್ರೊಬ್ಬರು ಬೀಗ ತೆಗೆಸಿದರು ಅಂತಲೇ ಇಟ್ಟುಕೊಳ್ಳೋಣ. ಎನ್‌ವಿಡಿಎ ಅಂತ ಒಂದು ತಂತ್ರಾಂಶ ಇದೆ, ಪರದೆಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್, ಸ್ವತಃ ಕಣ್ಣು ಕಾಣದವರು, 2006ರಲ್ಲಿ ಶುರು ಮಾಡಿದ್ದು. ಕಾಸು ಕೊಡಬೇಕಿಲ್ಲ, ಕನ್ನಡವನ್ನೂ ಓದುತ್ತದೆ. ಅಂಧ ಮಕ್ಕಳಿಗೆ ಇಂಥದ್ದು ಬೇಕೇ ಬೇಕು. ಕಣ್ಣು ಸರಿಯಿದ್ದೂ ಅಕ್ಷರ ಕೂಡಿಸಲಾಗದೆ ತಡವರಿಸುವ ಡಿಸ್ಲೆಕ್ಸಿಯಾದ ಮಗುವಿಗೂ ಇಂಥ ತಂತ್ರಾಂಶಗಳಿವೆ: ಸಾಲನ್ನು ಬಣ್ಣದಲ್ಲಿ ಎತ್ತಿ ತೋರಿಸುತ್ತ ಓದಿ ಹೇಳುತ್ತವೆ, ಕಣ್ಣು ಕಿವಿ ಎರಡೂ ಜೊತೆಗೆ ನಡೆಯುತ್ತವೆ.

ಈಗ ಮೇಷ್ಟ್ರು ಹಳೆಯ ಫಾಂಟಿನಲ್ಲಿ ಟೈಪಾದ ನೋಟ್ಸ್ ತೆರೆಯುತ್ತಾರೆ. ಮೊದಲ ಪದ ‘ಕನ್ನಡ’. ಯಂತ್ರ ಶ್ರದ್ಧೆಯಿಂದ ಓದುತ್ತದೆ: ಪಿ, ಎ, ಪೌಂಡ್, ಎ... ಕೊನೆಗೊಂದು ಕ್ಯೂ, ಮತ್ತೆ ಎ. ಯಂತ್ರಕ್ಕೆ ಹುಚ್ಚು ಹಿಡಿದಿಲ್ಲ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ, ಯುರೋಪಿನ ಚಿಹ್ನೆಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿಕೊಂಡಿವೆ. ನಮ್ಮ ಕಣ್ಣಿಗೆ ‘ನ’ ಕಂಡ ಕಡೆ ಕಂಪ್ಯೂಟರಿನ ಒಳಗೆ ಬ್ರಿಟಿಷರ ಪೌಂಡಿನ ಗುರುತು ಕೂತಿರುತ್ತದೆ. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ವಂತ ನಿವೇಶನ ಮಂಜೂರು ಮಾಡಿದೆ. ನಮ್ಮ ಎಷ್ಟೋ ಕಚೇರಿಗಳು, ಡಿಟಿಪಿ ಅಂಗಡಿಗಳು ಇನ್ನೂ ಬಾಡಿಗೆ ಮನೆಯಲ್ಲೇ ಇವೆ. ಇನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಅಷ್ಟೂ ಇಲ್ಲ. ಅದು ಪುಟದ ಫೋಟೊ, ಯಂತ್ರ ಮೌನವ್ರತಕ್ಕೆ ಕೂರುತ್ತದೆ. ನವೆಂಬರ್‌ನಲ್ಲಿ ಬಾವುಟ ಹಾರಿಸುವಾಗ ಯಾರಿಗೂ ಈ ಪೌಂಡಿನ ನೆನಪಾಗುವುದಿಲ್ಲ.

ಕಾನೂನು ಅಡ್ಡ ಬಂದಿದೆಯೇ ಅಂದರೆ, ಛೇ, ಅದರಲ್ಲಿ ನಾವು ಜಗತ್ತಿಗೇ ಮೊದಲು. ಮುದ್ರಿತ ಪುಸ್ತಕ ಓದಲಾಗದವರಿಗೆ ಅದನ್ನು ಓದಬಲ್ಲ ರೂಪದಲ್ಲಿ ಕೊಡಲು ಹಕ್ಕುಸ್ವಾಮ್ಯ ಅಡ್ಡಿಯಾಗಬಾರದು ಎನ್ನುವ ಮರ್ರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮುಂಚೆ ಅನುಮೋದಿಸಿದ ದೇಶ ಭಾರತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ 21 ಬಗೆಯ ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು, 18 ವರ್ಷದವರೆಗೆ ಪುಸ್ತಕ, ಸಲಕರಣೆ ಉಚಿತ ಎಂದಿತು. ಒಂದೇ ಒಂದು ಸಣ್ಣ ಷರತ್ತು: ನ್ಯೂನತೆ ಶೇ 40 ಇರಬೇಕು. ಶೇ 39ರಷ್ಟು ಓದಲು ಬಾರದವನು ದಯವಿಟ್ಟು ಇನ್ನೊಂಚೂರು ಪ್ರಯತ್ನಪಟ್ಟು ಮರೆತು ಬರಬೇಕು. ಈ ನ್ಯೂನತೆಯ ತೀವ್ರತೆ ಅಳೆಯುವ ಮಾಪಕವೇ ಇಲ್ಲ, 40 ಎಂಬ ಗಡಿಗೆ ಗಟ್ಟಿ ಆಧಾರವೂ ಇಲ್ಲ ಎಂದು ವೈದ್ಯಕೀಯ ಕೋರ್ಸಿನ ಪ್ರವೇಶ ನಿಯಮಗಳ ಅಡಿಟಿಪ್ಪಣಿಯೇ ಹೇಳಿತ್ತು. ತಕ್ಕಡಿ ಇಲ್ಲ, ತೂಕ ಮಾತ್ರ ಕರಾರುವಾಕ್ಕು. ಪ್ರಮಾಣಪತ್ರವನ್ನೂ 14ನೇ ವಯಸ್ಸಿಗೊಮ್ಮೆ, 18ಕ್ಕೊಮ್ಮೆ ಮತ್ತೆ ಮಾಡಿಸಬೇಕು ಎಂದು 2018ರ ಮಾರ್ಗಸೂಚಿ ಹೇಳಿತ್ತು. ಹುಡುಗ ನಡುವೆ ಗುಟ್ಟಾಗಿ ಓದಲು ಕಲಿತುಬಿಟ್ಟರೆ?

ಇಷ್ಟೆಲ್ಲ ದಾಟಿದ ಮೇಲೆ ಸ್ಟಾಫ್ ರೂಮಿನ ತೀರ್ಪು ಬಾಕಿ ಇರುತ್ತದೆ: ‘ಕೇಳಿಸ್ಕೊಂಡ್ರೆ ಅದು ಓದಿದ ಹಾಗಾ? ಸೋಮಾರಿ ಆಗ್ತಾನೆ ಅಷ್ಟೆ.’ ಕುಮಾರವ್ಯಾಸನನ್ನು ಗಮಕಿಗಳ ಬಾಯಿಂದಲೇ ಕೇಳಿ ಅರಗಿಸಿಕೊಂಡ ನಾಡು ಇದು. ಓಲೆಗರಿ ಮುಟ್ಟದ ಅಜ್ಜಿಯಂದಿರು ಕರ್ಣಪರ್ವದ ನಡುವಿನಿಂದ ಷಟ್ಪದಿ ಎತ್ತಿ ಹೇಳುತ್ತಿದ್ದರು, ಅವರನ್ನು ಯಾರೂ ಸೋಮಾರಿ ಅನ್ನಲಿಲ್ಲ. ಶಾಲು ಹೊದ್ದ ಗಮಕಿ ಓದಿದರೆ ಸಂಸ್ಕೃತಿ, ಇಯರ್‌ಫೋನ್ ಓದಿದರೆ ಕಾಪಿ.

ಎಸ್ಸೆಸ್ಸೆಲ್ಸಿ ಬಂದಾಗ ಮಾತ್ರ ವ್ಯವಸ್ಥೆ ದಿಢೀರನೆ ಕರಗುತ್ತದೆ. ಹತ್ತು ವರ್ಷ ಪಾಠ ಓದಿ ಹೇಳಲು ಯಾರೂ ಸಿಗದ ಹುಡುಗನಿಗೆ ಪ್ರಶ್ನೆ ಓದಿ ಹೇಳಲು ಲಿಪಿಕಾರ ಸಿಗುತ್ತಾನೆ, ಹೆಚ್ಚುವರಿ ಸಮಯವೂ ಸಿಗುತ್ತದೆ. ಅವನಿಗೇನು ಗೊತ್ತಿದೆಯೋ ಅದನ್ನು ಬರೆಯಲು ಎಷ್ಟು ಹೊತ್ತು ಬೇಕಾದೀತು, ಅದು ಬೇರೆ ಮಾತು. ಇದಕ್ಕೆಲ್ಲ ಮೊದಲೇ ಅರ್ಜಿ ಹಾಕಬೇಕು. ಅರ್ಜಿಯ ಬುಡದಲ್ಲಿ ಮಾಮೂಲಿನಂತೆ ಒಂದು ಸಾಲು ಇರುತ್ತದೆ, ಮೇಲಿನದನ್ನೆಲ್ಲ ನಾನೇ ಓದಿ ಅರ್ಥಮಾಡಿಕೊಂಡಿದ್ದೇನೆ ಅಂತ. ಅದರ ಕೆಳಗೆ ಹುಡುಗ ಸಹಿ ಹಾಕಬೇಕು.